ನಾಲ್ಕು ದೀಪದ ಭಾನುವಾರ

ಅಮ್ಮ ಬೀಡಿ ಕಟ್ಟುವಾಗ ಚಿಮಿಣಿ ದೀಪವನ್ನು ಎಲೆಯ ಮೊರದಿಂದ, ನಮ್ಮ ಮಾತಿನಲ್ಲಿ ತಡ್ಪೆಯಿಂದ, ಎರಡು ಗೇಣು ದೂರ ಇಡುತ್ತಿದ್ದಳು. ಹತ್ತಿರ ತಂದರೆ ಎಲೆಗೆ ಎಣ್ಣೆ ವಾಸನೆ ಹಿಡಿಯುತ್ತದೆ, ದೂರ ಸರಿಸಿದರೆ ನೂಲು ಕಾಣುವುದಿಲ್ಲ. ವಾರಕ್ಕೊಮ್ಮೆ ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡಲು ಹೋದಾಗ ಮೊದಲು ತಿರಸ್ಕಾರವಾಗುತ್ತಿದ್ದದ್ದು ರಾತ್ರಿ ಕಟ್ಟಿದ ಕಟ್ಟುಗಳೇ. ಬಾಯಿ ಮುಚ್ಚಿಲ್ಲ, ನೂಲು ಸಡಿಲ ಎಂದು ಬದಿಗೆ ತಳ್ಳಿದ್ದಕ್ಕೆ ಕೂಲಿ ಇಲ್ಲ. ನಮ್ಮ ಮನೆಯಲ್ಲಿ ಕತ್ತಲೆಗೂ ಒಂದು ಖರ್ಚು ಇತ್ತು ಎನ್ನುವುದು ನನಗೆ ಗೊತ್ತಾದದ್ದು ಹೀಗೆ.

ಮನೆ ಇದ್ದದ್ದು ಶಿರಾಡಿ ಘಾಟಿಯ ಬುಡದಲ್ಲಿ. ಈಗ ಕಡಬ ತಾಲ್ಲೂಕು, ಆಗ ಪುತ್ತೂರು. ಕರೆಂಟು ಕಂಬ ತೋಡಿನ ಆಚೆಯವರೆಗೆ ಬಂದು ನಿಂತಿತ್ತು. ತೋಡಿನ ಸಂಕ, ಎಂದರೆ ಕಾಲುಸೇತುವೆ, ದಾಟಿ ಈಚೆ ಬರಲು ಅದಕ್ಕೆ ಕಾಗದ ಬೇಕಿತ್ತು, ನಮ್ಮಲ್ಲಿ ಕಾಗದ ಇರಲಿಲ್ಲ. ನಮ್ಮದು ಕುಮ್ಕಿ ಜಾಗದ ಮನೆ. ಹೆಸರಿಗೆ ಸರಕಾರದ ಭೂಮಿ. ಸೊಪ್ಪು ಸೌದೆಯ ಹಕ್ಕು ತಾಗಿಕೊಂಡಿರುವ ಪಟ್ಟಾ ಜಮೀನಿನವರದ್ದು. ಅದರ ಮೇಲೆ ಮಣ್ಣಿನ ಗೋಡೆ ಎಬ್ಬಿಸಿ ಇಪ್ಪತ್ತು ವರ್ಷ ಬದುಕಿದವರು ನಾವು. ಪಹಣಿಯಲ್ಲಿ ನಮ್ಮ ಸುಳಿವೇ ಇಲ್ಲ. ಸರಕಾರಿ ಜಾಗದ ಮನೆಯನ್ನು ಸಕ್ರಮ ಮಾಡುವ 94ಸಿ ಕಲಮಿನಲ್ಲಿ ಹಕ್ಕುಪತ್ರ, ಅದರ ಹಿಂದೆ ಮೀಟರು ಬಂದದ್ದೆಲ್ಲ ಎಷ್ಟೋ ವರ್ಷ ಕಳೆದ ಮೇಲೆ. ನಾನು ಹೇಳುತ್ತಿರುವುದು 2004ರ ಡಿಸೆಂಬರಿನ ಮಾತು. ನಾನಾಗ ಎಸ್ಸೆಸ್ಸೆಲ್ಸಿ.

ಸೋಲಾರ್ ಆಗ ನಮ್ಮ ಕಡೆ ಹೊಸತೇನಲ್ಲ. ತೋಟದವರ ಮನೆಯ ಮಾಡಿನ ಮೇಲೆಲ್ಲ ಒಂದೊಂದು ನೀಲಿ ಹಲಗೆ ಇತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2003ರಲ್ಲಿ ಬ್ಯಾಂಕುಗಳ ಜೊತೆ ಸೇರಿ ಸೋಲಾರ್ ಸಾಲದ ಯೋಜನೆ ಶುರುಮಾಡಿತ್ತು. ಬಡ್ಡಿಯ ಒಂದು ಪಾಲನ್ನು ಅವರೇ ತುಂಬುವುದರಿಂದ ಶೇಕಡಾ 12ರ ಆಸುಪಾಸಿನ ಸಾಲ ಶೇಕಡಾ 5ಕ್ಕೆ ಸಿಗುತ್ತಿತ್ತು. ನಾಲ್ಕು ದೀಪಕ್ಕೆ 18,000 ರೂಪಾಯಿ. ಕೈಯಿಂದ 2,700 ಹಾಕಿ ಉಳಿದದ್ದನ್ನು ಐದು ವರ್ಷ ಕಟ್ಟುವುದು. ನಾನು ಗಣಿತದ ನೋಟ್ಸಿನ ಕೊನೆಯ ಪುಟದಲ್ಲಿ ಲೆಕ್ಕ ಹಾಕಿದ್ದೆ. ತಿಂಗಳಿಗೆ 289. ಹಳೆಯ ಬಡ್ಡಿಯಾಗಿದ್ದರೆ 340. ಐವತ್ತೊಂದು ರೂಪಾಯಿ ಉಳಿತಾಯ ಎಂದು ನಾನು ಕುಣಿದರೆ, ಅಮ್ಮ "ಆ ಇನ್ನೂರ ಎಂಬತ್ತೊಂಬತ್ತು ಎಲ್ಲಿ ಉಂಟು?" ಎಂದಳು.

ಅವಳ ಪ್ರಶ್ನೆಯೇ ಸರಿ. ಬೀಡಿಯ ದುಡ್ಡು ವಾರಕ್ಕೊಮ್ಮೆ ಬರುತ್ತದೆ, ಅಕ್ಕಿ ಮೀನು ಎಂದು ವಾರದೊಳಗೇ ಕರಗುತ್ತದೆ. ತಿಂಗಳ ಕೊನೆಗೆ ಒಟ್ಟಿಗೆ ಮುನ್ನೂರು ಕೈಯಲ್ಲಿ ನಿಲ್ಲುವುದು ಸಂಬಳದವರ ಮನೆಯಲ್ಲಿ ಮಾತ್ರ. ಬ್ಯಾಂಕಿನವರಿಗಾದರೋ ಪಹಣಿ ಬೇಕು. ಮ್ಯಾನೇಜರರು ಒಳ್ಳೆಯವರೇ, ಕೂರಿಸಿ ಮಾತಾಡಿಸಿ, ಪಹಣಿ ಇಲ್ಲದೆ ಆಗುವುದಿಲ್ಲ ಎಂದರು.

ಆಮೇಲೆ ನಡೆದದ್ದು ಸಂಘದಲ್ಲಿ. ನೆರೆಯ ಬೆಳ್ತಂಗಡಿಯಲ್ಲಿ 1982ರಲ್ಲೇ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಶುರುವಾಗಿತ್ತು. ವಾರದ ಸಭೆ, ವಾರದ ಉಳಿತಾಯದ ಪದ್ಧತಿ ನಮ್ಮ ಸೀಮೆಯ ಹೆಂಗಸರಿಗೆ ಉಸಿರಾಡಿದಷ್ಟು ಸಲೀಸು. ನಮ್ಮೂರವರೂ ಅದನ್ನು ನೋಡಿಯೇ ತಮ್ಮದೊಂದು ಸಣ್ಣ ಸಂಘ ಮಾಡಿಕೊಂಡಿದ್ದರು. ಹದಿನಾಲ್ಕು ಜನ, ವಾರಕ್ಕೆ 10 ರೂಪಾಯಿ. ಒಂದು ಗುರುವಾರ ಹದಿನಾಲ್ಕೂ ಜನ ಬ್ಯಾಂಕಿಗೆ ಹೋಗಿ, ಪಹಣಿಯ ಜಾಗದಲ್ಲಿ ತಮ್ಮ ಸಹಿ ಇಟ್ಟರು. ಸಾಲ ಸಂಘಕ್ಕೆ, ದೀಪ ನಮ್ಮ ಮನೆಗೆ. ಅಮ್ಮ ಸಂಘಕ್ಕೆ ವಾರಕ್ಕೆ 70 ಕಟ್ಟುವುದು, ಸಂಘ ಬ್ಯಾಂಕಿಗೆ ತಿಂಗಳಿಗೊಮ್ಮೆ ಕಟ್ಟುವುದು. ಆ ಎಪ್ಪತ್ತನ್ನು ಬ್ರಾಂಚಿನಿಂದ ಮನೆಗೆ ಬರುವ ದಾರಿಯಲ್ಲೇ, ಮೀನಿನವನು ಸಿಗುವ ಮೊದಲೇ, ಅಧ್ಯಕ್ಷೆಯ ಮನೆಯಲ್ಲಿ ಇಳಿಸಿ ಬರುತ್ತಿದ್ದಳು. 2011ರಲ್ಲಿ ಸೋಲಾರ್ ಕಂಪೆನಿ ಸೆಲ್ಕೋದ ಹರೀಶ್ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ಬಡವರ ಆದಾಯದ ಲಯಕ್ಕೆ ಕಂತು ಹೊಂದಿಸಬೇಕು ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದಿದೆ. ನಮ್ಮ ಮನೆಗೆ ಬಂದದ್ದು ಬೇರೆ ಕಂಪೆನಿಯ ದೀಪ. ಆದರೂ ಓದುವಾಗ ನೆನಪಾದದ್ದು ಆ ಮೀನಿನವನೇ.

ಭಾನುವಾರ ಬೆಳಿಗ್ಗೆ ಸೋಲಾರ್ ಕಂಪೆನಿಯ ಹುಡುಗನೊಬ್ಬ ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ಸಂಕ ದಾಟಿದ. ಹಿಂದೆ 37 ವ್ಯಾಟಿನ ಹಲಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ನನ್ನ ತಮ್ಮ. ಸಂಘದವರಲ್ಲಿ ಒಂಬತ್ತು ಜನ ಆಗಲೇ ಅಂಗಳದಲ್ಲಿದ್ದರು. ಕೆಲಸವೇನೂ ಇರಲಿಲ್ಲ. ಸಹಿ ಹಾಕಿದ್ದು ಎಲ್ಲಿ ಹೋಗಿ ಕೂರುತ್ತದೆ ಎಂದು ನೋಡುವ ಹಕ್ಕು ಅವರಿಗಿತ್ತು.

ಹುಡುಗ ಮಾಡು ಹತ್ತಿ ಸುತ್ತ ನೋಡಿ ಇಳಿದು ಬಂದ. ತೆಂಕು ದಿಕ್ಕಿಗೆ ಸಾಲಾಗಿ ಅಡಿಕೆ ಮರ, ನಮ್ಮದಲ್ಲ, ಕಡಿಯುವಂತಿಲ್ಲ. ಹಲಗೆಯ ಒಂದು ಮೂಲೆಗೆ ಸೋಗೆಯ ನೆರಳು ಬಿದ್ದರೂ ಸಾಕು, ಪೂರ್ತಿ ಹಲಗೆ ಸೊರಗುತ್ತದೆ ಎಂದ. ಒಳಗಿನ ಬಿಲ್ಲೆಗಳನ್ನು ಸರದ ಮಣಿಗಳ ಹಾಗೆ ಒಂದರ ಬೆನ್ನಿಗೆ ಒಂದು ಪೋಣಿಸಿರುತ್ತಾರಂತೆ, ಒಂದು ಮಂಕಾದರೆ ಉಳಿದವಕ್ಕೂ ತಡೆ. ಬಿಸಿಲು ದಿನವಿಡೀ ಬೀಳುವ ಜಾಗ ಒಂದೇ, ದನದ ಹಟ್ಟಿಯ ಮಾಡು. ಆದರೆ ಅಲ್ಲಿಂದ ಮನೆಯ ಚಾವಡಿಗೆ ದೂರ. 12 ವೋಲ್ಟಿನ ಕರೆಂಟು ಸಪೂರ ವೈರಿನಲ್ಲಿ ದೂರ ಹೋದಷ್ಟೂ ಸೋರುತ್ತದೆ, ದಪ್ಪ ವೈರು ಬೇಕು, ಅದು ಪ್ಯಾಕೇಜಿನಲ್ಲಿ ಇಲ್ಲ, 240 ರೂಪಾಯಿ ಆಗುತ್ತದೆ.

ಅಂಗಳ ಸ್ತಬ್ಧವಾಯಿತು. ಹದಿನೆಂಟು ಸಾವಿರಕ್ಕೆ ಹೆದರದವರು ಇನ್ನೂರ ನಲವತ್ತಕ್ಕೆ ಹೆದರಿದರು. ಯೋಜನೆಗಳು ಮುಗ್ಗರಿಸುವುದು ದೊಡ್ಡ ಮೊತ್ತದಲ್ಲಲ್ಲ, ಯಾವ ಅರ್ಜಿಯಲ್ಲೂ ಕಾಲಂ ಇಲ್ಲದ ಇಂಥ ಚಿಲ್ಲರೆಯಲ್ಲಿ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಅಧ್ಯಕ್ಷೆ ಸೆರಗಿನ ಗಂಟು ಬಿಚ್ಚಿ ನೂರು ತೆಗೆದರು. ಉಳಿದದ್ದು ಹತ್ತು ಇಪ್ಪತ್ತಾಗಿ ಅಲ್ಲೇ ಕೂಡಿತು. ನನ್ನ ತಮ್ಮ ಸೈಕಲ್ಲಿನಲ್ಲಿ ಪೇಟೆಗೆ ಓಡಿದ.

ಮಧ್ಯಾಹ್ನ ಕಬ್ಬಿಣದ ಸ್ಟ್ಯಾಂಡನ್ನು ಪಕ್ಕಾಸಿಗೆ ಬಿಗಿಯುವಾಗ ಹುಡುಗನ ಕಾಲಡಿ ಆರು ಹಂಚು ಒಡೆದವು. ಹಟ್ಟಿಯ ಹಂಚಾದ್ದರಿಂದ ಅಮ್ಮ ಬೈಯಲಿಲ್ಲ, ದನ ಮಾತ್ರ ಹಗ್ಗ ಜಗ್ಗಿ ಕೂಗಿತು. ಅವನು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಮಳೆಗಾಲದಲ್ಲಿ ಹಲಗೆಯ ಪಾಚಿ ಒರೆಸುವುದನ್ನೆಲ್ಲ ತಮ್ಮನಿಗೆ ಹೇಳಲು ಹೊರಟಾಗ ಅಧ್ಯಕ್ಷೆ ತಡೆದು, "ಅವನಿಗೆ ಬೇಡ, ಅವನು ನಾಳೆ ಮಂಗಳೂರಿಗೆ ಹೋಗುವವ, ಅವಳಿಗೆ ಹೇಳು" ಎಂದು ಅಮ್ಮನನ್ನು ಮುಂದೆ ತಳ್ಳಿದರು. ನಾಲ್ಕೂ ದೀಪ ಹಾಕಿದರೆ ನಾಲ್ಕು ಗಂಟೆ, ಕೆಂಪು ದೀಪ ಬಂದರೆ ಆರಿಸಬೇಕು. ಅಮ್ಮ ಅದನ್ನು ಮೂರು ಸಲ ಹೇಳಿಸಿಕೊಂಡಳು.

ಸಂಜೆ ದೀಪ ಹಾಕಿದಾಗ ಗೋಡೆ ಇಷ್ಟು ಕಪ್ಪಾಗಿದೆ ಎಂದು ಮೊದಲ ಸಲ ಕಂಡಿತು. ಅಮ್ಮನಿಗೆ ನಾಚಿಕೆಯಾಯಿತು. ಮರುದಿನವೇ ಸುಣ್ಣ ತಂದಳು.

ಆ ದಿನ ಅಂಗಳಕ್ಕೆ ಬಾರದಿದ್ದವಳು ಮೇಲಿನ ಮನೆಯ ಅಕ್ಕ. ಅವಳದ್ದೂ ಕುಮ್ಕಿ ಮನೆ, ಅವಳೂ ಬೀಡಿಯವಳೇ. ಸಂಘದಲ್ಲಿ ಎರಡು ತಿಂಗಳು ಇದ್ದು ಬಿಟ್ಟಿದ್ದಳು. ಗಂಡ ಕುಡಿಯುವವನು, ವಾರದ ಹತ್ತು ರೂಪಾಯಿಯೂ ಅವಳ ಕೈಯಲ್ಲಿ ಉಳಿಯುತ್ತಿರಲಿಲ್ಲ. ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕೆಂಬುದು ನಿಯಮ; ಮೂರು ಸಲ ತುಂಬಿದವರು ನಾಲ್ಕನೆಯ ಸಲ ಮುಖ ತಿರುಗಿಸಿದ್ದರು. ಅಮ್ಮನೂ ತಿರುಗಿಸಿದವಳೇ. ಪಹಣಿ ಇಲ್ಲದವರಿಗೆ ಸಂಘ ಬಾಗಿಲು ತೆರೆಯಿತು ಎಂದು ನಾನು ಹೆಮ್ಮೆಯಿಂದ ಹೇಳುವಾಗಲೆಲ್ಲ, ಹತ್ತು ರೂಪಾಯಿಯೂ ಇಲ್ಲದ ಅವಳು ನೆನಪಾಗಿ ಮಾತು ಕುಂಟುತ್ತದೆ.

ನಾಲ್ಕನೆಯ ದಿನವೋ ಐದನೆಯ ದಿನವೋ, ಕತ್ತಲಾದ ಮೇಲೆ ಅವಳು ತಡ್ಪೆ ಹಿಡಿದು ಅಂಗಳದ ತುದಿಯಲ್ಲಿ ನಿಂತಿದ್ದಳು. ಇನ್ನೊಂದು ಕೈಯಲ್ಲಿ ರೇಷನ್ನಿನ ಚಿಮಿಣಿ ಎಣ್ಣೆಯ ಅರ್ಧ ಬಾಟಲಿ. ಚಾವಡಿಯಲ್ಲಿ ಕೂತು ಕಟ್ಟುತ್ತೇನೆ, ಇದು ಲೈಟಿನ ಬಾಬ್ತು ಎಂದಳು. ಸೋಲಾರಿಗೆ ಎಣ್ಣೆ ಬೇಡ ಅಕ್ಕಾ ಎಂದು ನಾನು ನಗಲು ಹೊರಟೆ. ಅಮ್ಮ ಕಣ್ಣಿನಲ್ಲೇ ಗದರಿ, ಬಾಟಲಿ ತೆಗೆದುಕೊಂಡು ಒಲೆಯ ಹಿಂದೆ ಇಟ್ಟಳು. ಬೇಡ ಎಂದಿದ್ದರೆ ಅವಳು ಮರುದಿನ ಬರುತ್ತಿರಲಿಲ್ಲವಂತೆ.

ಮುಂದಿನ ಮಳೆಗಾಲ ಮೋಡ ಕವಿದು ಎಂಟು ಗಂಟೆಗೇ ಕೆಂಪು ದೀಪ ಬರತೊಡಗಿತು. ಅಮ್ಮ ಅಡುಗೆಮನೆ, ಕೋಣೆ, ಹಟ್ಟಿ ಮೂರನ್ನೂ ಆರಿಸಿ ಚಾವಡಿಯದ್ದನ್ನು ಮಾತ್ರ ಉಳಿಸುತ್ತಿದ್ದಳು. ಅದರ ಕೆಳಗೆ ಎರಡು ತಡ್ಪೆ. ಒಳಗೆ ಅಮ್ಮ ಅನ್ನ ಬಸಿಯುತ್ತಿದ್ದದ್ದು ಮೇಲಿನ ಮನೆಯ ಎಣ್ಣೆ ಹಾಕಿದ ಚಿಮಿಣಿಯ ಬೆಳಕಿನಲ್ಲಿ.