ಐವತ್ತೈದನೇ ರಾಡಿನ ನೀರು

ಮುಳಬಾಗಿಲು ಕಡೆಯ ಒಂದು ಟೊಮೆಟೊ ತೋಟಕ್ಕೆ ಈ ಬೇಸಿಗೆಯಲ್ಲಿ ಬೋರ್ ಗಾಡಿ ಬಂದಾಗ ರಾತ್ರಿ ಎಂಟು ಗಂಟೆ. ಎರಡು ಲಾರಿ: ಒಂದರ ಮೇಲೆ ರಿಗ್ಗು, ಇನ್ನೊಂದರ ಮೇಲೆ ರಾಡು, ಡೀಸೆಲ್ ಡ್ರಮ್ಮು. ತಮಿಳುನಾಡಿನ ತಿರುಚೆಂಗೋಡಿನ ಗಾಡಿ. ಪಾಯಿಂಟ್ ಹಾಕಿದ ಜಾಗಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದ ಕೂಡಲೇ ಕೊರೆತ ಶುರುವಾಯಿತು.

ಮೊದಲ ಜಗ್ಗಾಟ ಕೇಸಿಂಗ್ ವಿಷಯದಲ್ಲಿ. ಮೇಲಿನ ಮಣ್ಣು, ಮೆತ್ತನೆ ಕಲ್ಲು ಕುಸಿಯದಂತೆ 7 ಇಂಚಿನ ಪಿವಿಸಿ ಪೈಪು ಇಳಿಸುತ್ತಾರೆ. ಅದಕ್ಕೆ ಅಡಿ ಲೆಕ್ಕದಲ್ಲಿ ದುಡ್ಡು.

"ಅರವತ್ತು ಅಡಿಗೆ ನಿಲ್ಸಪ್ಪ, ಸಾಕು."

"ಬೇಡಣ್ಣ, ಇನ್ನೂ ಪುಡಿ ಕಲ್ಲೇ ಬರ್ತಿದೆ. ಎಂಬತ್ತು ಇಳಿಸೋಣ."

ಡ್ರಿಲ್ಲರ್ ಹೇಳಿದ್ದೇ ಸರಿ. ಕೇಸಿಂಗಿನ ತುದಿ ಗಟ್ಟಿ ಬಂಡೆಯೊಳಗೆ ಕೆಲವು ಅಡಿಯಾದರೂ ಕೂರಬೇಕು. ಕೂರದಿದ್ದರೆ ಸಂದಿಯಿಂದ ಮಣ್ಣು ಜಾರಿ ಬಂಡೆ ಕುಟ್ಟುವ ಸುತ್ತಿಗೆ ಒಳಗೇ ಸಿಕ್ಕಿಕೊಳ್ಳುತ್ತದೆ. ಕೊರೆದು ಮುಗಿದರೂ ಕೆಸರು ನೀರು ನಿಲ್ಲುವುದಿಲ್ಲ, ಪಂಪು ಬೇಗ ಸವೆಯುತ್ತದೆ.

ಆಮೇಲೆ 6.5 ಇಂಚಿನ ಬಿಟ್ಟು. ರಾಡು ಒಂದಕ್ಕೆ 20 ಅಡಿ, ರಾಡು ಎಣಿಸಿದರೆ ಆಳ ಗೊತ್ತು. ಹತ್ತೊಂಬತ್ತನೇ ರಾಡಿಗೆ ಬೂದಿ ಬಣ್ಣದ ಧೂಳು ಸ್ವಲ್ಪ ಒದ್ದೆಯಾಗಿ ಮತ್ತೆ ಒಣಗಿತು. ಒಂದು ಕಾಲಕ್ಕೆ ನೀರಿದ್ದು ಈಗ ಬರಿದಾದ ಬಿರುಕು ಅದು. ಬೆಳಗಿನ ಜಾವ ಐವತ್ತೈದನೇ ರಾಡಿಗೆ, ಅಂದರೆ 1100 ಅಡಿಯಲ್ಲಿ, ಗ್ಯಾಪ್ (ಬಂಡೆಯ ಬಿರುಕು) ಸಿಕ್ಕಿ ನೀರು ಎದ್ದಿತು.

ನೀರು ಎದ್ದ ಗಳಿಗೆಯಲ್ಲೇ ಜನ ಮೋಸ ಹೋಗುವುದು. ಬಿರುಕಿನಲ್ಲಿ ಬಹುಕಾಲದಿಂದ ಕೂಡಿದ್ದ ನೀರನ್ನು ಕಂಪ್ರೆಸರ್ ಗಾಳಿ ಒಮ್ಮೆಗೇ ಮೇಲಕ್ಕೆಸೆಯುತ್ತದೆ. ಅದು ಬೋರಿನ ನಿಜವಾದ ಇಳುವರಿಯಲ್ಲ. ಕನಿಷ್ಠ ಒಂದೆರಡು ಗಂಟೆ ಗಾಳಿ ಊದಿ ಫ್ಲಶ್ ಮಾಡಿಸಿ, ಕಾಲುವೆಗೆ ಅಡ್ಡಲಾಗಿ ವಿ ಆಕಾರದ ಕಚ್ಚು ಕತ್ತರಿಸಿದ ತಗಡು ಇಟ್ಟು, ಕಚ್ಚಿನಲ್ಲಿ ನೀರು ಎಷ್ಟು ಇಂಚು ಎತ್ತರ ಹರಿಯುತ್ತದೆಂದು ಅಳೆಯಬೇಕು. 'ಎರಡು ಇಂಚು' ಎಂದರೆ 'ಒಂದು ಇಂಚಿ'ನ ಎರಡರಷ್ಟಲ್ಲ. 90 ಡಿಗ್ರಿ ತಗಡಿನಲ್ಲಿ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿಗೆ ಸುಮಾರು 3000. ಈ ತೋಟದಲ್ಲಿ ಕೊನೆಗೆ ನಿಂತದ್ದು ಒಂದೂವರೆ ಇಂಚು, ಗಂಟೆಗೆ 1450 ಲೀಟರ್ ಹತ್ತಿರ. ಎಲ್ಲರಿಗೂ ಸಂತೋಷವಾಯಿತು. ಸಾಲ ಮಾಡಿ ಕೊರೆಸಿದ ಮನೆಯವರ ಆ ಸಂತೋಷವನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ.

ಆದರೂ ಲೆಕ್ಕ ಹಾಕಲೇಬೇಕು. ದಿನಕ್ಕೆ ಏಳು ಗಂಟೆ ಓಡಿಸಿದರೆ ಸುಮಾರು 10,000 ಲೀಟರ್, ವರ್ಷದಲ್ಲಿ 300 ದಿನಕ್ಕೆ 30 ಲಕ್ಷ. ಈ ಸೀಮೆಯ ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಒಂದು ಎಕರೆಗೆ ಬೀಳುವುದು ಸುಮಾರು 28 ಲಕ್ಷ ಲೀಟರ್. ಗಟ್ಟಿ ಕಲ್ಲಿನ ನೆಲದಲ್ಲಿ ಹತ್ತರಲ್ಲೊಂದು ಪಾಲು ಇಂಗಿತೆಂದೇ ಹಿಡಿಯೋಣ, 2.8 ಲಕ್ಷವಾಯಿತು. ಅಲ್ಲಿಗೆ ಒಂದೂವರೆ ಇಂಚಿನ ಈ ಸಣ್ಣ ಬೋರಿಗೇ ಹತ್ತು ಎಕರೆಗೂ ಮೀರಿದ ಇಂಗುನೀರು ಬೇಕು. ಅಷ್ಟು ನೆಲದಲ್ಲಿ ಬೇರೆ ಬೋರೇ ಇಲ್ಲದ ಊರು ಎಲ್ಲಿದೆ?

ಕರೆಂಟಿನ ಲೆಕ್ಕವೂ ಹೀಗೇ. ಸಾವಿರ ಅಡಿಯಿಂದ ಸಾವಿರ ಲೀಟರ್ ಎತ್ತಲು ಬರೀ ಭಾರದ ಲೆಕ್ಕಕ್ಕೇ 0.83 ಯೂನಿಟ್ ಬೇಕು. ಪಂಪು ಮೋಟರಿನ ನಷ್ಟ ಸೇರಿದರೆ ಎರಡು ಯೂನಿಟ್. ಮೂವತ್ತು ಅಡಿಯ ತೆರೆದ ಬಾವಿಗಾದರೆ ಇದರ ಮೂವತ್ತನೇ ಒಂದು ಪಾಲು ಸಾಕಿತ್ತು.

ಈ ತಂತ್ರಜ್ಞಾನ ಕೆಟ್ಟ ಉದ್ದೇಶದಿಂದ ಬಂದದ್ದಲ್ಲ. 1967ರ ಬರದಲ್ಲಿ ಕುಡಿಯುವ ನೀರಿಗೆಂದು ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ರಿಗ್ಗುಗಳನ್ನು ಭಾರತಕ್ಕೆ ತರಿಸಿತು. ಮೆಟ್ಟಿಲು ಬಾವಿಗಿಳಿದು ನೀರು ತುಂಬುತ್ತಿದ್ದ ಊರುಗಳಿಗೆ ಕೈಪಂಪು ಬಂದದ್ದು, ಅಂಥ ಬಾವಿಯ ನೀರು ಕುಡಿದು ಬರುತ್ತಿದ್ದ ಹುಳುವಿನ ರೋಗ ನಾರುಹುಣ್ಣು ತೊಲಗಲು ದೊಡ್ಡ ನೆರವಾಯಿತು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಆದರೆ ಅದೇ ರಂಧ್ರಕ್ಕೆ ಸಬ್‌ಮರ್ಸಿಬಲ್ ಮೋಟರ್ ಇಳಿಸಿ ಬೆಳೆಗೆ ನೀರು ಹಾಯಿಸತೊಡಗಿದ ಮೇಲೆ ಕಥೆ ಬೇರೆಯಾಯಿತು. ಈ ಬಂಡೆಯಲ್ಲಿ ನೀರು ಹೆಚ್ಚಾಗಿ ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ. ಕೆಳಗೆ ಹೋದಂತೆ ಬಿರುಕು ಕಡಿಮೆ, ನೀರೂ ಕಡಿಮೆ. ಮೊದಲು ತೆರೆದ ಬಾವಿಗಳು ಬತ್ತಿದವು. ತನ್ನ ಹೊಲದಲ್ಲೇ ನೀರಿರುವಾಗ ಕೆರೆ ಯಾರಿಗೆ ಬೇಕು? ಹೂಳೆತ್ತಲು ಮನೆಗೊಂದಾಳು ಕಳಿಸುವ ಪದ್ಧತಿ ಹೋಯಿತು, ತೂಬು ಕಾಯುತ್ತಿದ್ದ ನೀರುಗಂಟಿ ಹೋದ, ರಾಜಕಾಲುವೆ ಒತ್ತುವರಿಯಾಯಿತು. ನೆಲಕ್ಕೆ ನೀರು ಇಂಗಿಸುತ್ತಿದ್ದದ್ದೇ ಆ ಕೆರೆ. ಇದು ಕೊರೆಯುವವರಿಗೂ ಸಬ್ಸಿಡಿ ಕೊಟ್ಟವರಿಗೂ ಆಗ ಹೊಳೆಯಲಿಲ್ಲ. ನನ್ನ ಮಟ್ಟಿಗೆ ಬೋರ್ ಮಾಡಿದ ಅತಿ ದೊಡ್ಡ ಹಾನಿ ಇದೇ.

ಫ್ಲೋರೈಡ್ ಬಂದದ್ದು ಇನ್ನೂ ಮೆಲ್ಲಗೆ. ಗ್ರಾನೈಟಿನ ಖನಿಜಗಳ ಜೊತೆ ನೀರು ಹೆಚ್ಚು ಕಾಲ ಇದ್ದಷ್ಟೂ ಅದು ಹೆಚ್ಚು ಕರಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5. ಮಿತಿ ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ಮುಂದೆ ಮೂಳೆ, ಕೀಲು. ಪರಿಹಾರವೆಂದು ಊರೂರಿಗೆ ಆರ್‌ಒ ಘಟಕ ಬಂತು. ಅದು ಬೇರ್ಪಡಿಸಿದ ಫ್ಲೋರೈಡ್ ಹೊತ್ತ ತ್ಯಾಜ್ಯ ನೀರನ್ನು ಪಕ್ಕದ ಚರಂಡಿಗೆ ಬಿಟ್ಟರೆ ಮತ್ತೆ ಅದೇ ನೆಲಕ್ಕೆ.

ಈಗ ಸೋಲಾರ್ ಪಂಪಿನ ಸರದಿ. ಡೀಸೆಲ್ ಇಲ್ಲ, ಬಿಲ್ ಇಲ್ಲ, ರಾತ್ರಿ ಕರೆಂಟಿಗಾಗಿ ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವ ಕಷ್ಟವಿಲ್ಲ. ಇವೆಲ್ಲ ನಿಜವಾದ ಲಾಭಗಳೇ. ನನ್ನ ಅನುಮಾನ ಒಂದೇ. ಉಚಿತ ಕರೆಂಟಿನ ಕಾಲದಲ್ಲಿ ಅಂತರ್ಜಲಕ್ಕೆ ಉಳಿದಿದ್ದ ಒಂದೇ ತಡೆ, ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟು ದಿನಕ್ಕೆ ಏಳೇ ಗಂಟೆ ಎಂಬ ಕೊರತೆ. ಬಿಸಿಲಿರುವ ತನಕ ಓಡುವ ಪಂಪು ಆ ತಡೆಯನ್ನೂ ತೆಗೆಯುತ್ತದೆ. ರೈತರ ಸೋಲಾರ್ ಪಂಪಿಗೆಂದು ಕೇಂದ್ರ ತಂದ 2019ರ ಪಿಎಂ ಕುಸುಮ್ ಯೋಜನೆಯಲ್ಲಿ ಉಳಿದ ವಿದ್ಯುತ್ತನ್ನು ಗ್ರಿಡ್‌ಗೆ ಮಾರುವ ದಾರಿಯೂ ಇದೆ. ಮಾರಿದ ಯೂನಿಟ್ಟಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಬಂದರೆ ಮೋಟರ್ ನಿಲ್ಲಿಸಲು ರೈತನಿಗೆ ಕಾರಣವಿರುತ್ತದೆ. ಗ್ರಿಡ್ ಸಂಪರ್ಕವಿಲ್ಲದ ಒಂಟಿ ಪಂಪನ್ನು ಬತ್ತುತ್ತಿರುವ ಸೀಮೆಗೆ ಕೊಡಬಾರದು.

ಪ್ಯಾನಲ್ ಹಾಕಿಸುವವರು ಒಂದು ಕೆಲಸ ಮಾಡಿ. ಮೋಟರ್ ಇಳಿಸುವಾಗ ನೀರು ಮೇಲೆ ತರುವ ಕಾಲಂ ಪೈಪಿನ ಪಕ್ಕ ಮುಕ್ಕಾಲು ಇಂಚಿನ ಪಿವಿಸಿ ಪೈಪೊಂದನ್ನು ಪಂಪಿನ ಮೇಲಿನವರೆಗೆ ಬಿಡಿ. ಪಂಪು ಕೂತ ಮೇಲೆ ಬೋರಿನಲ್ಲಿ ಹಗ್ಗ ಇಳಿಸಲು ಹೋದರೆ ಕೇಬಲ್ಲಿಗೆ ಸುತ್ತಿಕೊಳ್ಳುತ್ತದೆ. ಈ ಪೈಪಿನಲ್ಲಾದರೆ ಅಳತೆ ತಂತಿ ಸಲೀಸಾಗಿ ಇಳಿಯುತ್ತದೆ. ಮೇ ಕೊನೆಗೆ ಒಮ್ಮೆ, ಹಿಂಗಾರು ಮುಗಿಯುವ ನವೆಂಬರ್ ಕೊನೆಗೆ ಇನ್ನೊಮ್ಮೆ, ಮೋಟರ್ ನಿಲ್ಲಿಸಿ ಒಂದು ರಾತ್ರಿ ಬಿಟ್ಟು ಮಟ್ಟ ಅಳೆದು ಗೋಡೆ ಮೇಲೆ ಬರೆಯಿರಿ. ಈ ನವೆಂಬರಿನ ಮಟ್ಟ ಹೋದ ನವೆಂಬರಿಗಿಂತ ಕೆಳಗಿದ್ದರೆ, ಮುಂದಿನ ಬೆಳೆಯ ವಿಸ್ತೀರ್ಣ ಇಳಿಸಿ.