ವೇಗ ಇಳಿದರೂ ಇಳಿಯದ 275 ಹರ್ಟ್ಸ್

ಸಿಕ್ಕಿತು! ನನ್ನ ಕಂಪ್ರೆಸರ್ ರಿಗ್‌ನಲ್ಲಿ ಹನ್ನೊಂದು ದಿನ ಕಾಡಿದ 275 ಹರ್ಟ್ಸ್ (ಸೆಕೆಂಡಿಗೆ 275 ಸಲ) ಒತ್ತಡದ ಕಂಪನ ಎಲ್ಲಿಂದ ಬರುತ್ತಿತ್ತು ಅಂತ ನಿನ್ನೆ ರಾತ್ರಿ ಗೊತ್ತಾಯಿತು. ಶಿರಸಿಯ ಮಳೆಗಾಲದ ಕರೆಂಟಿಗೆ ದೊಡ್ಡ ಥ್ಯಾಂಕ್ಸ್.

ರಿಗ್ ಹಳೆಯದೇ. ಗುಜರಿಯಲ್ಲಿ ಸಿಕ್ಕ ಲಾರಿ ಟರ್ಬೋದ ಕಂಪ್ರೆಸರ್ ಚಕ್ರ, ಮರಗೆಲಸದ ರೂಟರ್ ಮೋಟರ್, ಚಕ್ರದಿಂದ ಹೊರಬಂದ ಗಾಳಿಯನ್ನು ನಿಧಾನಿಸುವ ವೇನ್ (ರೆಕ್ಕೆ) ಇಲ್ಲದ ಅಕ್ರಿಲಿಕ್ ಡಿಫ್ಯೂಸರ್, ಅದರ ಸುತ್ತ 60 ಡಿಗ್ರಿ ಅಂತರದಲ್ಲಿ ಎರಡು ಪ್ರೆಶರ್ ಸೆನ್ಸರ್. ಔಟ್‌ಲೆಟ್ ವಾಲ್ವ್ ಸ್ವಲ್ಪ ಮುಚ್ಚಿದರೆ ಸಾಕು, ಎಫ್‌ಎಫ್‌ಟಿಯಲ್ಲಿ (ಸಿಗ್ನಲ್ ಒಳಗಿನ ಕಂಪನಗಳನ್ನು ಬೇರ್ಪಡಿಸಿ ತೋರಿಸುವ ಗ್ರಾಫ್) 275ಕ್ಕೆ ಚೂಪಾದ ಕೋಡು. ನಾನು ಹುಡುಕುತ್ತಿದ್ದ ರೊಟೇಟಿಂಗ್ ಸ್ಟಾಲ್ (ಗಾಳಿ ಸರಿಯಾಗಿ ಹರಿಯದ ತುಣುಕುಗಳು, ಅಂದರೆ ಸೆಲ್‌ಗಳು, ಚಕ್ರಕ್ಕಿಂತ ನಿಧಾನವಾಗಿ ಸುತ್ತುವುದು) ಸಿಕ್ಕೇಬಿಟ್ಟಿತು ಅಂದುಕೊಂಡು ಪ್ರತಿಸಲ ಅಲ್ಲೇ ವಾಲ್ವ್ ನಿಲ್ಲಿಸುತ್ತಿದ್ದೆ. ಆದರೆ ಎರಡು ಸೆನ್ಸರ್‌ಗಳ ಫೇಸ್ (ಒಂದರ ಅಲೆಗಿಂತ ಇನ್ನೊಂದರದ್ದು ಎಷ್ಟು ಹಿಂದೆ ಅನ್ನುವ ಲೆಕ್ಕ) ಸ್ಟಾಲ್‌ಗೆ ತಾಳೆಯಾಗುತ್ತಲೇ ಇರಲಿಲ್ಲ; ಒಂದು ಸೆಲ್‌ಗೆ 60 ಡಿಗ್ರಿಯಂತೆ ಬರಬೇಕಿತ್ತು.

ನಿನ್ನೆ ಮಳೆ ಜೋರಾಯಿತು, ವೋಲ್ಟೇಜ್ ಬಿತ್ತು. ಚಕ್ರ 12,000ದಿಂದ 9,000 ಆರ್‌ಪಿಎಂಗೆ ಇಳಿಯಿತು. ಕೋಡು ಮಾತ್ರ ಅಲುಗಲಿಲ್ಲ! ಸ್ಟಾಲ್ ಆಗಿದ್ದರೆ ಚಕ್ರದ ವೇಗದ ಜೊತೆ ಅದೂ ಇಳಿಯಬೇಕಿತ್ತು, ಅಲ್ವಾ? ಹಾಗಾದರೆ ಇದು ಗಾಳಿಯದ್ದಲ್ಲ, ಟ್ಯೂಬಿನದ್ದು. ಸೆನ್ಸರ್‌ಗೆ ಹೋಗುವ ಟ್ಯೂಬ್ 30 ಸೆಂ.ಮೀ. ಒಂದು ತುದಿ ಮುಚ್ಚಿದ ಕೊಳವೆ. ಬಾಟಲಿ ಬಾಯಿಗೆ ಊದಿದಂತೆ ತನ್ನದೇ ಸ್ವರ ಹಿಡಿಯುತ್ತದೆ. ಶಬ್ದದ ವೇಗವನ್ನು ಉದ್ದದ ನಾಲ್ಕರಷ್ಟರಿಂದ ಭಾಗಿಸಿದರೆ 289. ಸೆನ್ಸರ್ ಒಳಗಿನ ಸಣ್ಣ ಜಾಗ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಟ್ಯೂಬನ್ನು ಅರ್ಧಕ್ಕೆ ಕತ್ತರಿಸಿದೆ. ಕೋಡು 520ರ ಹತ್ತಿರ ಹಾರಿತು. ಖುಷಿಗೆ ನಾನು ಕೂಗಿದ್ದು ಕೇಳಿ ಆಯಿ ಎದ್ದು ಬಂದು, "ಮತ್ತೆ ಶಾಕ್ ಹೊಡೆಯಿತೇನೋ?" ಅಂದಳು.

ಮೊದಲೇ ಗಿಡ್ಡ ಟ್ಯೂಬ್ ಹಾಕಬೇಕೆಂದೇ ಇತ್ತು. 2 ಮಿ.ಮೀ. ಒಳವ್ಯಾಸದ್ದು ಕೇಳಿದರೆ ಅಂಗಡಿಯವರು ಎರಡು ಸಲವೂ 4ರದ್ದನ್ನೇ ಕಳಿಸಿದರು. ಕೊರಿಯರ್ ಖರ್ಚು ಟ್ಯೂಬಿಗಿಂತ ಜಾಸ್ತಿ. ಕೊನೆಗೆ ಇಲ್ಲೇ ಗ್ಯಾರೇಜಿನಲ್ಲಿ ಸಿಕ್ಕ ಹಿತ್ತಾಳೆ ಕೊಳವೆಯಲ್ಲಿ 2 ಸೆಂ.ಮೀ. ತುಂಡು ಕತ್ತರಿಸಿ, ಡಿಫ್ಯೂಸರ್ ಗೋಡೆಗೆ ಸಮವಾಗಿ ಅಂಟಿಸಿದೆ. ತೂತಿನ ಅಂಚಿನ ಸಿಬಿರು ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಅದೇ ಸುಳಿ ಎಬ್ಬಿಸುತ್ತದೆ.

ಮುಂದಿನ ಬೇಸಿಗೆಗೆ ನಮ್ಮ ಅಡಿಕೆ ಡ್ರೈಯರಿನ ಬ್ಲೋವರ್‌ಗೂ ಇದೇ ಸೆನ್ಸರ್ ಹಾಕುವವನಿದ್ದೇನೆ. ಟ್ರೇ ತುಂಬಿದಾಗ ಅದು ಗುಡುಗುಡು ಅನ್ನುವುದು ಯಾಕೆ ಅಂತ ನೋಡಬೇಕು.

ಈಗ ವಾಲ್ವನ್ನು ಮೊದಲಿಗಿಂತ ಇನ್ನೂ ಮುಚ್ಚಿದೆ. 12,000ದಲ್ಲಿ 80 ಹರ್ಟ್ಸ್. 9,000ಕ್ಕೆ ಇಳಿಸಿದೆ, 60. ಜೊತೆಗೇ ಇಳಿಯಿತು! ಎರಡು ಸೆನ್ಸರ್‌ಗಳ ನಡುವೆ ಫೇಸ್ 120 ಡಿಗ್ರಿ, 60ರ ಎರಡರಷ್ಟು, ಅಂದರೆ ಎರಡು ಸ್ಟಾಲ್ ಸೆಲ್. 12,000 ಆರ್‌ಪಿಎಂ ಎಂದರೆ ಚಕ್ರ ಸೆಕೆಂಡಿಗೆ 200 ಸುತ್ತು; ಎರಡು ಸೆಲ್ ಸೇರಿ 80 ಅಂದರೆ ಸೆಲ್‌ಗಳದ್ದು 40 ಸುತ್ತು. ಚಕ್ರ ಐದು ಸುತ್ತು ಹಾಕುವಷ್ಟರಲ್ಲಿ ಅವು ಒಂದು ಸುತ್ತು ಹಾಕುತ್ತಿವೆ. ಮೂರನೇ ಸೆನ್ಸರ್‌ಗೆ ಇವತ್ತೇ ತೂತು ಕೊರೆಯುತ್ತೇನೆ, 90 ಡಿಗ್ರಿಗೆ. ಅಲ್ಲಿ ಫೇಸ್ 180 ಬರಬೇಕು.