ಹಳೇ ಕಂಪ್ಯೂಟರಿನ ಬಯಾಸ್ ಅಪ್‌ಡೇಟ್ ಮಾಡಲೇಬೇಕಾ?

"ಹತ್ತು-ಹನ್ನೆರಡು ವರ್ಷದ ಡೆಸ್ಕ್‌ಟಾಪ್ ಇದೆ. ಬಯಾಸ್ ಅಪ್‌ಡೇಟ್ ಮಾಡಿದರೆ ಸ್ಪೀಡ್ ಆಗುತ್ತಾ?" ಇದು ಹಳೇ ಪ್ರಶ್ನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಅದಕ್ಕೊಂದು ಬಾಲ ಸೇರಿಕೊಂಡಿದೆ: "ಅಪ್‌ಡೇಟ್ ಆದರೆ ವಿಂಡೋಸ್ 11 ಹಾಕಬಹುದಲ್ವಾ?"

ಎರಡಕ್ಕೂ ಉತ್ತರ "ಇಲ್ಲ" ಎಂದೇ. ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಪುಟ್ಟ ಪ್ರೋಗ್ರಾಂ. ಅದರಿಂದ ಸ್ಪೀಡ್ ಏರುವುದಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ಜನರೇಶನ್‌ನಿಂದ ಈಚೆಯ ಪ್ರೊಸೆಸರ್ ಬೇಕು. 2012ರ ಬೋರ್ಡಿಗೆ ಯಾವ ಫೈಲ್ ಹಾಕಿದರೂ ಅದು ಬಾರದು. ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ಭದ್ರತಾ ದೋಷಗಳ ಭಯವೇ? ಅದಕ್ಕೆ ಬೇಕಾದ ಮೈಕ್ರೋಕೋಡನ್ನು (ಪ್ರೊಸೆಸರಿನ ಒಳಗಿನ ತಿದ್ದುಪಡಿ) ವಿಂಡೋಸ್, ಲಿನಕ್ಸ್ ಎರಡೂ ಬೂಟ್ ಆಗುವಾಗ ತಾವೇ ಪ್ರೊಸೆಸರಿಗೆ ತುಂಬಬಲ್ಲವು. ಬೋರ್ಡ್ ತಯಾರಿಸಿದ ಕಂಪನಿ ಮರೆತೇಬಿಟ್ಟ ಯಂತ್ರಕ್ಕೂ ಇದು ಅನ್ವಯಿಸುತ್ತದೆ.

ಮತ್ತೆ ಯಾವಾಗ ಮಾಡಬೇಕು? ಕಂಪನಿಯ ಸಪೋರ್ಟ್ ಪುಟದಲ್ಲಿ ಪ್ರತಿ ಆವೃತ್ತಿಯ ಕೆಳಗೆ ಒಂದೆರಡು ಸಾಲು ಬರೆದಿರುತ್ತಾರೆ. ಅದರಲ್ಲಿ ನಿಮ್ಮ ತೊಂದರೆಯ ಹೆಸರಿದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ. ಹಳೇ ಯಂತ್ರಗಳಲ್ಲಿ ಆ ಸಾಲು ಬಹುಪಾಲು ಹೊಸ ಪ್ರೊಸೆಸರಿನದ್ದೇ ಆಗಿರುತ್ತದೆ.

ನಮ್ಮಲ್ಲಿ ಇನ್ನೂ ಓಡುತ್ತಿರುವ ಎಚ್61 ಚಿಪ್‌ಸೆಟ್‌ನ (ಬೋರ್ಡಿನ ಮುಖ್ಯ ಚಿಪ್) ಬೋರ್ಡುಗಳನ್ನೇ ತೆಗೆದುಕೊಳ್ಳಿ. ಇವು 2011ರ ಇಂಟೆಲ್ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರುಗಳ ಕಾಲದವು. ಒಳಗೆ ಐ3-2100 ಇರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಐ5-3470 ತಂದು ಹಾಕುತ್ತಾರೆ. ಸಾಕೆಟ್ ಒಂದೇ, ಎಲ್‌ಜಿಎ 1155. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. "ಅಂಗಡಿಯವನು ಡೆಡ್ ಪೀಸ್ ಕೊಟ್ಟ" ಎಂದು ಜಗಳಕ್ಕೆ ಹೊರಡುತ್ತಾರೆ. ಪ್ರೊಸೆಸರಿನ ತಪ್ಪಿರಲಾರದು. 3470 ಎಂಬುದು ಅದರ ಮುಂದಿನ ತಲೆಮಾರಿನ, 2012ರ ಐವಿ ಬ್ರಿಡ್ಜ್, ಅದರ ಗುರುತು ಹಳೇ ಬಯಾಸ್‌ಗೆ ಇಲ್ಲ. ಹಳೇ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ಹೊಸದನ್ನು ಕೂರಿಸಬೇಕು. ಈಗಾಗಲೇ ಬದಲಾಯಿಸಿದ್ದರೆ ಹಳೆಯದನ್ನು ಮರಳಿ ಹಾಕಿ.

ಕೊಳ್ಳುವ ಮುಂಚೆ ಚಿಪ್‌ಸೆಟ್ ನೋಡಿ. ಬಿ65, ಕ್ಯೂ65, ಕ್ಯೂ67ಗೆ ಐವಿ ಬ್ರಿಡ್ಜ್ ಬೆಂಬಲ ಇಂಟೆಲ್ ಕಡೆಯಿಂದಲೇ ಇಲ್ಲ. ಕಚೇರಿಗಳಿಂದ ಹೊರಬಿದ್ದು ಮಾರಾಟಕ್ಕೆ ಬರುವ ಡೆಲ್ ಆಪ್ಟಿಪ್ಲೆಕ್ಸ್ 790, ಎಚ್‌ಪಿ ಕಾಂಪ್ಯಾಕ್ 8200 ಈ ಗುಂಪಿನವು.

ಈಗ ಕೆಲಸ. ವಿಂಡೋಸ್ ಕೀ ಜೊತೆ ಆರ್ ಒತ್ತಿ ಎಂಎಸ್‌ಇನ್ಫೋ32 ಎಂದು ಕೊಟ್ಟರೆ ಬಯಾಸ್ ಆವೃತ್ತಿ ಸಿಗುತ್ತದೆ. ಬೋರ್ಡಿನ ಮಾಡೆಲ್ ಮಾತ್ರ ಕ್ಯಾಬಿನೆಟ್ ಬಿಚ್ಚಿ ಕಣ್ಣಾರೆ ನೋಡಿ. ಗಿಗಾಬೈಟ್ ಬೋರ್ಡಿನ ಮೂಲೆಯಲ್ಲಿ ರೆವ್ 1.0, 2.0 ಎಂದು ಸಣ್ಣಗೆ ಅಚ್ಚಾಗಿರುತ್ತದೆ. ಮಾಡೆಲ್ ಒಂದೇ ಆದರೂ ರೆವಿಷನ್ ಬೇರೆಯಾದರೆ ಫೈಲೂ ಬೇರೆ. ಕಂಪನಿಯ ಪುಟವಲ್ಲದೆ ಬೇರೆಲ್ಲಿಂದಲೂ ಡೌನ್‌ಲೋಡ್ ಬೇಡ.

ಡೌನ್‌ಲೋಡ್ ಮಾಡಿ ಬಿಚ್ಚಿದ ಫೈಲಿನ ಹೆಸರಿನ ಕೊನೆಗೆ ಎಫ್5, ಎಫ್9 ಅಂತಿದ್ದು ವಿಂಡೋಸ್ ಅದನ್ನು ತೆರೆಯಲಾರದೆ ಒದ್ದಾಡಿದರೆ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಗಿಗಾಬೈಟ್‌ನ ರೀತಿಯೇ ಅದು. ಹೆಸರು ಬದಲಿಸಬೇಡಿ. 4ರಿಂದ 16 ಜಿಬಿಯ ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಯಾವ ಫೋಲ್ಡರೊಳಗೂ ಹಾಕದೆ ಫೈಲನ್ನು ಹಾಗೇ ಇಡಿ. ಹಿಂದುಗಡೆಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿ. ಎನ್‌ಟಿಎಫ್‌ಎಸ್ ಆಗಿದ್ದರೆ ಪೆನ್‌ಡ್ರೈವ್ ಕಾಣದೇ ಇರಬಹುದು.

ಬಯಾಸ್ ಸೆಟ್ಟಿಂಗ್‌ಗಳ ಎಲ್ಲ ಪುಟಗಳ ಫೋಟೋ ಫೋನಿನಲ್ಲಿ ತೆಗೆದಿಡಿ. ಸಾಟಾ ಮೋಡ್ (ಹಾರ್ಡ್‌ಡಿಸ್ಕ್ ಜೊತೆ ಮಾತಾಡುವ ರೀತಿ) ಎಎಚ್‌ಸಿಐಯೋ ಐಡಿಇಯೋ, ಬೂಟ್ ಯುಇಎಫ್‌ಐಯೋ ಲೆಗಸಿಯೋ ಎಂಬುದು ಮುಖ್ಯ. ಅಪ್‌ಡೇಟ್ ಆದಮೇಲೆ ಇವೆಲ್ಲ ಫ್ಯಾಕ್ಟರಿ ಸ್ಥಿತಿಗೆ ಮರಳುತ್ತವೆ. ಐಡಿಇಯಲ್ಲಿ ಹಾಕಿದ್ದ ವಿಂಡೋಸ್ 7ನ್ನು ಎಎಚ್‌ಸಿಐಯಲ್ಲಿ ಎಬ್ಬಿಸಿದರೆ 0ಎಕ್ಸ್7ಬಿ ನೀಲಿ ಪರದೆ ಬರುತ್ತದೆ. ಬಯಾಸ್ ಹಾಳಾಯಿತೆಂದು ಜನ ಗಾಬರಿಯಾಗುವುದು ಇಲ್ಲೇ. ಮೋಡ್ ಮೊದಲಿನಂತೆ ಮಾಡಿದರೆ ಮುಗಿಯಿತು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಮೊದಲೇ ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಹೊಸ ಬಯಾಸನ್ನು ಚಿಪ್‌ಗೆ ಬರೆಯುವ ಕೆಲಸವನ್ನು ವಿಂಡೋಸ್ ಒಳಗಿನಿಂದ ಮಾಡದೆ, ಬಯಾಸ್‌ನಲ್ಲೇ ಇರುವ ಸಾಧನದಿಂದ ಮಾಡಿ: ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಏಸಸ್‌ನಲ್ಲಿ ಈಝೀ ಫ್ಲ್ಯಾಶ್, ಎಂಎಸ್‌ಐನಲ್ಲಿ ಎಂ-ಫ್ಲ್ಯಾಶ್, ಆಸ್‌ರಾಕ್‌ನಲ್ಲಿ ಇನ್‌ಸ್ಟಂಟ್ ಫ್ಲ್ಯಾಶ್. ಒಂದು ಅಪವಾದ ಏಸಸ್ ಪಿ8ಎಚ್61 ಸಾಲಿನ ಹಳೇ ಬೋರ್ಡುಗಳು. ಅವುಗಳ ಹಳೇ ಬಯಾಸ್ ರಾಮ್ (.ROM) ರೂಪದ ಫೈಲಿನದು, ಹೊಸದು ಕ್ಯಾಪ್ (.CAP) ರೂಪದ್ದು. ನಡುವಿನ ದಾಟುವಿಕೆಗೆಂದೇ 22 ಎನ್‌ಎಂ ಪ್ರೊಸೆಸರುಗಳ (ಅಂದರೆ ಐವಿ ಬ್ರಿಡ್ಜ್) ಹೆಸರಿನಲ್ಲಿ ಏಸಸ್ ಒಂದು ವಿಂಡೋಸ್ ಪ್ರೋಗ್ರಾಂ ಕೊಟ್ಟಿತ್ತು. ಎಚ್61ರಲ್ಲಿ ಬಯಾಸ್ ಜೊತೆಗೆ ಇಂಟೆಲ್ ಎಂಇ ಫರ್ಮ್‌ವೇರ್ (ಚಿಪ್‌ಸೆಟ್ಟಿನೊಳಗೆ ಓಡುವ ಇನ್ನೊಂದು ಪ್ರೋಗ್ರಾಂ) ಕೂಡ 7ರಿಂದ 8ಕ್ಕೆ ಏರಬೇಕು. ಹಾಗಾಗಿ "ಮೊದಲು ಇಂಥ ಆವೃತ್ತಿ ಹಾಕಿ" ಎಂದು ಬರೆದಿದ್ದರೆ ಆ ಮೆಟ್ಟಿಲು ಹಾರಬೇಡಿ. ಒಮ್ಮೆ ಏರಿದ ಮೇಲೆ ಹಿಂದಕ್ಕೆ ಬರಲು ಬಿಡದ ಬೋರ್ಡುಗಳಿವೆ.

ಚಿಪ್ ಇರುವುದು 4 ಅಥವಾ 8 ಎಂಬಿ, ಕೆಲವೇ ನಿಮಿಷದ ಕೆಲಸ. ಆದರೆ ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಅಳಿಸುತ್ತದೆ. ಆಗ ಕರೆಂಟ್ ಹೋದರೆ, ಮುಂದಿನ ಸಲ ಪವರ್ ಬಂದಾಗ ಪ್ರೊಸೆಸರಿಗೆ ಓದಲು ಮೊದಲ ಸೂಚನೆಯೇ ಸಿಗದು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಬ್ಯಾಟರಿ ಸತ್ತ ಯುಪಿಎಸ್ ಇದ್ದೂ ಇಲ್ಲದ ಹಾಗೆ, ಆದ್ದರಿಂದ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ನಿಲ್ಲುತ್ತದಾ ನೋಡಿ. ಮಳೆಗಾಲದ ಸಂಜೆ ಬೇಡವೇ ಬೇಡ. ಮುಗಿದಮೇಲೆ ಒಂದೆರಡು ಸಲ ತಾನಾಗಿ ಆಫ್ ಆಗಿ ಆನ್ ಆದರೆ ಸಹಜ, ರಿಸೆಟ್ ಒತ್ತಬೇಡಿ.

ಡಿಸ್‌ಪ್ಲೇ ಬರದಿದ್ದರೆ ಪವರ್ ಕೇಬಲ್ ಕಿತ್ತು, ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಡಿ. ಒಂದೇ ರ‍್ಯಾಮ್ ಹಾಕಿ ನೋಡಿ. ಡ್ಯುಯಲ್ ಬಯಾಸ್ ಇರುವ ಗಿಗಾಬೈಟ್ ಬೋರ್ಡುಗಳು ಎರಡನೇ ಚಿಪ್‌ನಿಂದ ಏಳುವ ಸಾಧ್ಯತೆ ಇದೆ. ಇದ್ಯಾವುದೂ ಆಗದಿದ್ದರೆ ಸಿಎಚ್341ಎ ಪ್ರೋಗ್ರಾಮರ್ ಎಂಬ ಯುಎಸ್‌ಬಿ ಸಾಧನದಿಂದ ಚಿಪ್‌ಗೆ ನೇರವಾಗಿ ಬರೆಯಬೇಕು. ಎಂಟು ಕಾಲಿನ ಚಿಪ್ ಸಾಕೆಟ್‌ನಲ್ಲಿದ್ದರೆ ಎತ್ತಿ ತೆಗೆದರಾಯಿತು, ಬೆಸುಗೆ ಹಾಕಿದ್ದರೆ ಕ್ಲಿಪ್ ಬೇಕು. ಎಚ್61 ಕಾಲದ ಚಿಪ್ 3.3 ವೋಲ್ಟಿನದು. ಎಎಂಡಿಯ ಎಎಂ4 ಸಾಕೆಟ್ ಕಾಲದ ಹಲವು ಬೋರ್ಡುಗಳಲ್ಲಿ 1.8 ವೋಲ್ಟಿನದ್ದಿದೆ, ಅಡಾಪ್ಟರ್ ಇಲ್ಲದೆ ಹಾಕಿದರೆ ಸುಡಬಹುದು. ಏಸಸ್ ಕ್ಯಾಪ್ ಫೈಲನ್ನು ಹೀಗೆ ಬರೆಯುವ ಮುಂಚೆ ಅದರ ಮೊದಲ 2048 ಬೈಟ್ ಕತ್ತರಿಸಬೇಕು.

ಅಂಗಡಿಯಲ್ಲಿ ಮಾಡಿಸುವುದಾದರೆ, ಬರೆಯುವ ಮೊದಲು ಹಳೇ ಚಿಪ್ಪನ್ನು ಓದಿ ಪ್ರತಿ ಇಟ್ಟುಕೊಳ್ಳಲು ಹೇಳಿ. ನೆಟ್‌ವರ್ಕಿನ ಮ್ಯಾಕ್ ವಿಳಾಸ, ಡೆಲ್-ಎಚ್‌ಪಿಗಳಲ್ಲಾದರೆ ಸೀರಿಯಲ್ ನಂಬರು, ವಿಂಡೋಸ್ 8ರ ನಂತರದ ಯಂತ್ರಗಳಲ್ಲಿ ವಿಂಡೋಸ್ ಕೀ ಕೂಡ ಅದರಲ್ಲೇ ಇರಬಹುದು. ಬೇರೆ ಬೋರ್ಡಿನ ಪ್ರತಿ ಹಾಕಿದರೆ ಇವೆಲ್ಲ ಅಳಿದು ಆ ಬೋರ್ಡಿನವು ಬಂದು ಕೂರುತ್ತವೆ.